ಏನಾಗಬೇಕು

ತಾಲ್ಲೂಕು ಕಚೇರಿಯ ಎದುರಿಗೇ ನನ್ನ ಜೆರಾಕ್ಸ್ ಅಂಗಡಿ.
ಭದ್ರಾವತಿಯಲ್ಲಿ ಅರ್ಜಿ ಬರೆಸುವವರೆಲ್ಲ
ಒಮ್ಮೆಯಾದರೂ ಈ ಬೆಂಚಿನ ಮೇಲೆ ಕೂತವರೇ.
ವಂಶವೃಕ್ಷ, ಜಾತಿ, ಆದಾಯ,
ಬದುಕಿದ್ದೇನೆಂದು ವರ್ಷಕ್ಕೊಮ್ಮೆ ಒಪ್ಪಿಸುವ ಪಿಂಚಣಿ ಕಾಗದ,
ಸತ್ತವರ ಹೆಸರು ಪಹಣಿಯಿಂದ ಇಳಿಸುವುದು.
ಹದಿನಾರು ವರ್ಷ, ಎಷ್ಟು ಮನೆಗಳ ಒಳಗನ್ನು
ಚೌಕಕ್ಕೊಂದು ಅಕ್ಷರ ಕೂರಿಸಿ ಬರೆದಿದ್ದೇನೋ.

ಅಪ್ಪ ಕಾಗದನಗರದ ಮಿಲ್ಲಿನಲ್ಲಿ ತಿರುಳು ಬೇಯಿಸಿದವನು.
ಒಳಗೆ ಹೋದ ಬಿದಿರು ಹಾಳೆಯಾಗಿ ಬರುವ ತನಕದ ವಾಸನೆಯೆಲ್ಲ
ಅವನ ಅಂಗಿಯಲ್ಲಿತ್ತು.
ಮಿಲ್ಲು ಮುಚ್ಚಿತು, ವಾಸನೆ ಹೋಯಿತು, ಹೆಸರು ಉಳಿಯಿತು.
ಕಾಗದದ ಹೆಸರಿನ ಊರಲ್ಲಿ ನಾವು ಮೂವರು ಇದ್ದೇವೆ
ಕಾಗದವಿಲ್ಲದೆ.

ಮೂವರೆಂದರೆ ನಾನು, ಅಂಜಲೈ, ಪೂವಿ.
ಹೆತ್ತವಳು ಅಂಜಲೈ.
ಹೇಗೆ ಎಂಬುದು ನಮ್ಮಿಬ್ಬರ ಮಾತು,
ಓಣಿಗೆ ಅದರದೇ ಉತ್ತರವಿದೆ, ಇರಲಿ.
ಮೆಷಿನ್ನಿನ ಗುಂಯ್‌ಗುಡುವಿಕೆಗಲ್ಲದೆ ಮಗು ಮಲಗುತ್ತಿರಲಿಲ್ಲ.
ಕರೆಂಟು ಹೋದರೆ ಎಚ್ಚರ.
ಖಾಲಿ ಗಾಜಿನ ಮೇಲೆ ಮುಚ್ಚಳವಿಟ್ಟು
ಏನೂ ಇಲ್ಲದ್ದರ ಪ್ರತಿ ತೆಗೆದಿದ್ದೇನೆ ಎಷ್ಟೋ ಮಧ್ಯಾಹ್ನ.
ಅವಳನ್ನು ಅಮ್ಮಾ ಅಂತು, ನನ್ನನ್ನು ಅವ್ವ.
ಎರಡು ಭಾಷೆಯ ಮನೆಯಲ್ಲಿ
ತಾಯಿಗೆ ಹೆಸರಿನ ಬರವಿರಲಿಲ್ಲ.

ಆರು ತುಂಬಿದ ವರ್ಷ, ಒಂದು ರಾತ್ರಿ, ಹೊಟ್ಟೆನೋವು.
ಅಮೀರ್‌ಜಾನನ ಆಟೋದಲ್ಲಿ ಶಿವಮೊಗ್ಗಕ್ಕೆ ಓಡಿದೆ.
ಅಂಜಲೈ ಮಾಚೇನಹಳ್ಳಿ ಗಾರ್ಮೆಂಟ್ಸಿನ ರಾತ್ರಿ ಪಾಳಿಯಲ್ಲಿ,
ಅವಳ ಫೋನು ಲಾಕರಿನಲ್ಲಿ.
ಕೌಂಟರಿನ ಹುಡುಗ ಮರ್ಯಾದಸ್ಥ. ತಲೆಯೆತ್ತಿ ಕೇಳಿದ,
‘ಮೇಡಂ, ಮಗೂಗೆ ನೀವು ಏನಾಗಬೇಕು?’

ಎಂಥ ಪ್ರಶ್ನೆ ನಮ್ಮ ಭಾಷೆಯದು!
ಏನಾಗಿದ್ದೀರಿ ಎಂದು ಕೇಳುವುದಿಲ್ಲ,
ಏನಾಗಬೇಕು ಎನ್ನುತ್ತದೆ.
ಇನ್ನು ಏನಾಗಬೇಕಪ್ಪ?
ದಡಾರದ ಒಂಬತ್ತು ರಾತ್ರಿ ಬೇವಿನ ಸೊಪ್ಪಾದೆ.
ಶಾಲೆಯ ಮೊದಲ ದಿನ ಗೇಟಿನ ಸರಳಾದೆ, ಸಂಜೆ ನಾಲ್ಕರ ತನಕ.
ಹೇನಿಗೆ ಬಾಚಣಿಗೆ, ಮಗ್ಗಿಗೆ ಬೆರಳು,
ಕನಸಿಗೆ ಬೆದರಿ ಎದ್ದಾಗ ಸ್ವಿಚ್ಚು.
ಆಗಿ ಆಗಿ ಸವೆದಿದ್ದೇನೆ,
ಆದದ್ದಕ್ಕೆ ರಶೀದಿ ಇಲ್ಲ.

‘ಸುಳ್ಳು ಬರೆಸಬೇಡಿ, ಮುಂದೆ ಸಿಕ್ಕಿಹಾಕಿಕೊಳ್ಳುತ್ತೀರಿ’
ಎಂದು ಊರಿಗೆಲ್ಲ ಹೇಳುವ ನಾನು
ಸಂಬಂಧದ ಕಾಲಮ್ಮಿನಲ್ಲಿ ದುಂಡಗೆ ಬರೆದೆ: ಚಿಕ್ಕಮ್ಮ.
ಸುಳ್ಳೂ ನಡೆಯಲಿಲ್ಲ.
ತಂದೆ ಬೇಕಂತೆ, ಇಲ್ಲ ತಾಯಿ.
ಸ್ವಲ್ಪ ಹೊತ್ತು ಪರವಾಗಿಲ್ಲ, ಕಾಯೋಣ ಎಂದರು ಡಾಕ್ಟರು.
ಸ್ವಲ್ಪ ಹೊತ್ತು ಅವರದು.
ನನ್ನದು ಒಂದು ಗಂಟೆ ಹತ್ತು ನಿಮಿಷ.
ಬಂದಳು ಅಂಜಲೈ, ಕೊರಳಲ್ಲಿ ಕಂಪನಿ ಕಾರ್ಡು, ಜಡೆಗೆ ನೂಲಿನ ತುಣುಕು.
ತಮಿಳಲ್ಲೇ ಸಹಿ ಹಾಕಿದಳು.
ಪೆನ್ನು ನನ್ನದು.

ವಕೀಲ ಹಾಲಪ್ಪನವರು ಕನ್ನಡಕ ತೆಗೆದು ಒರೆಸಿದರು:
‘ಒಬ್ಬಳೇ ದತ್ತು ಕೇಳಿದರೆ ದಾರಿಯಿದೆ, ಗಂಡಹೆಂಡತಿ ಕೇಳಿದರೂ ಇದೆ.
ನೀವಿಬ್ಬರೂ ಅಂದರೆ...’
ಒರೆಸುತ್ತಲೇ ಇದ್ದರು, ಗಾಜು ಆಗಲೇ ಶುಭ್ರವಿತ್ತು.
ಫೀಸು ಬೇಡವೆಂದರು.
‘ಅರ್ಜಿ ಹಾಕೋಣ ತಾಯಿ. ತಿರಸ್ಕಾರವೂ ಒಂದು ಕಾಗದವೇ.’

ಹಾಕಿದ್ದೇವೆ. ಕಾಯುವುದು ಹೊಸದಲ್ಲ.
ಪೂವಿ ಈಗ ಎಂಟರವಳು,
ಕೆಟ್ಟ ಫಾರಮ್ಮುಗಳ ಹಿಂದುಮುಂದೆಲ್ಲ ಅವಳದೇ.
ಮೊನ್ನೆ ಒಂದನ್ನು ತುಂಬಿದ್ದಳು.
ತಂದೆಯ ಸಾಲಿನಲ್ಲಿ ಬೆಕ್ಕಿನ ಚಿತ್ರ.
ಗುರುತಿನ ಮಚ್ಚೆ ಎಂಬಲ್ಲಿ:
‘ಹೊಟ್ಟೆ ಮೇಲೆ ಹೊಲಿಗೆ. ಎಷ್ಟು ಅಂತ ಅವ್ವನ್ನ ಕೇಳಿ.’

ಐದು.

ಅಷ್ಟರಲ್ಲಿ ಯಾರೋ ಬಂದರು,
ಕೈಯಲ್ಲಿ ಮಡಚಿ ಮಡಚಿ ಹರಿದ ಜನನ ಪತ್ರ.
ಬೆಂಚು ತೋರಿಸಿದೆ, ಹೊಸ ಫಾರಮ್ಮು ಎಳೆದುಕೊಂಡೆ,
ಅಭ್ಯಾಸಬಲದಿಂದ ಕೇಳಿಯೂಬಿಟ್ಟೆ,
‘ಮಗೂಗೆ ನೀವು ಏನಾಗಬೇಕು?’

ಕೇಳಿ, ಪೆನ್ನು ಕೆಳಗಿಟ್ಟೆ.
ಅವರಿಗೆ ಹೇಳಲು ಎಷ್ಟು ಹೊತ್ತು ಬೇಕೋ
ಅಷ್ಟೂ ಹೊತ್ತು.